ಸೋರುವ ಮನೆಯ ಹಾಡು



ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ನೀವು ಕೇಳುವ ಅಮೆರಿಕದ ಹಳ್ಳಿಗಾಡಿನ ದುಃಖದ ಹಾಡುಗಳ ಬಗ್ಗೆ ಮನೆಯಲ್ಲಿ ಏನು ಹೇಳುತ್ತಾರೆಂದು ಬಲ್ಲೆ: "ಈ ವಯಸ್ಸಿಗೆ ಇಂಥ ಅಳುಮೋರೆ ಹಾಡು ಯಾಕೆ?" ನಾನು ಹಾಗೆ ಕೇಳಲಾರೆ. ನನಗೂ ಅವು ರುಚಿಸಿವೆ.

ಇಲಿನಾಯ್ ರಾಜ್ಯದ ಬೆಲ್‌ವಿಲ್ ಊರಿನ ಹುಡುಗರ ತಂಡ 'ಅಂಕಲ್ ಟುಪೆಲೋ'. 1990ರಲ್ಲಿ ಬಂದ ಅವರ ಮೊದಲ ಆಲ್ಬಮ್ಮಿನ ಹೆಸರು 'ನೋ ಡಿಪ್ರೆಶನ್'. ಕಾರ್ಟರ್ ಮನೆತನದವರು 1936ರಲ್ಲಿ, ದೇಶವೆಲ್ಲ ಕೆಲಸವಿಲ್ಲದೆ ಕೂತಿದ್ದಾಗ ಹಾಡಿದ್ದ ಹಳೆಯ ಹಾಡನ್ನು ಈ ಹುಡುಗರು ಮತ್ತೆ ಎತ್ತಿಕೊಂಡರು. ಜೊತೆಗೆ ಕಾರ್ಖಾನೆಯ ದುಡಿಮೆಯ ಹಾಡೂ ಉಂಟು. ಬಜಾಜ್ ಕಾರ್ಖಾನೆ 1985ರಲ್ಲಿ ಶುರುವಾದ ಮೇಲೆ ಶಿಫ್ಟಿನ ಲೆಕ್ಕದಲ್ಲೇ ಹಗಲು ರಾತ್ರಿ ಎಣಿಸುತ್ತ ಬಂದ ನಮ್ಮ ವಾಳೂಜಿಗೆ ಅದೇನು ಪರಕೀಯವೇ?

ಅದೇ 1990ರಲ್ಲಿ ನಮ್ಮಲ್ಲಿ ನಾಗಾಭರಣರ 'ಸಂತ ಶಿಶುನಾಳ ಶರೀಫ' ಸಿನಿಮಾ ಬಂತು. ಸಂಗೀತ ಸಿ. ಅಶ್ವತ್ಥ್ ಅವರದು. ಶರೀಫರು (1819-1889) ಈಗಿನ ಹಾವೇರಿ ಜಿಲ್ಲೆಯವರು. ಇಮಾಮ್ ಸಾಹೇಬರ ಮಗ, ಗೋವಿಂದ ಭಟ್ಟರ ಶಿಷ್ಯ. ಅವರ ಪದಗಳು ಊರ ಭಜನೆಗಳಲ್ಲಿ ಬದುಕಿದ್ದವು. ಅಶ್ವತ್ಥರು ಹಾಡಿದ ಮೇಲೆ ಕ್ಯಾಸೆಟ್ಟೇರಿ ಮನೆಮನೆ ಸೇರಿದವು. ಅಶ್ವತ್ಥರದು ನುಣುಪಾದ ದನಿಯಲ್ಲ. ಮೇಲೇರಿದಾಗ ಗಂಟಲು ಬಿರಿಯಿತೇನೋ ಅನ್ನಿಸುತ್ತದೆ. ಸಂಗೀತ ಬಲ್ಲವರು ಮೂಗು ಮುರಿಯಲಿ, ನನಗೆ ಆ ಒರಟುತನವೇ ಬೇಕು. ನಿಮ್ಮ ಅಮೆರಿಕದ ಹುಡುಗರಲ್ಲೂ ನಿಮಗೆ ಹಿಡಿಸಿದ್ದು ಅದೇ ಅಲ್ಲವೇ?

ಮಾಳಿಗೆ ಸೋರುವ ಪದವನ್ನೇ ನೋಡಿ. "ನನಗೆ ದುಃಖವಾಗಿದೆ" ಎಂದು ಶರೀಫರು ಎಲ್ಲೂ ಹೇಳುವುದಿಲ್ಲ. ಮುರಿದ ತೊಲೆ, ಹುಳ ಹಿಡಿದ ಜಂತಿ, ಮೇಲೆ ಹತ್ತಲಾಗದ ಮನೆಯವರು, ಇಷ್ಟೇ. ಮೊದಲ ಸಲ ಕೇಳಿದಾಗ ಬಡವನ ಮನೆ ಕಾಣುತ್ತದೆ. ಹತ್ತನೆಯ ಸಲ, ಸೋರುತ್ತಿರುವುದು ನಮ್ಮ ಮೈಮನಸ್ಸೇ ಎಂದು ತಿಳಿಯುತ್ತದೆ. ಅಳಿಸಿಯೂ ಹಗುರ ಮಾಡುವ ಹಾಡು ಅದು.

ರಘು ದೀಕ್ಷಿತ್ ಗಿಟಾರಿನೊಂದಿಗೆ ಅದನ್ನು ಹಾಡಿದಾಗ ನೀವು ಕುಣಿದಿದ್ದೀರಿ, ಸಂತೋಷ. ಆದರೆ ಸ್ಲ್ಯಾಬಿನ ಕೆಳಗೆ ಬೆಳೆದ ನಿಮಗೆ ಮಾಳಿಗೆ ಎಂದರೆ ಮೇಲಿನ ಮಹಡಿ. ಶರೀಫರ ಊರಿನ ಕಡೆ ಅದು ತೊಲೆ ಜಂತಿಗಳ ಮೇಲೆ ಮಣ್ಣು ಹಾಸಿದ ಛಾವಣಿ. (ಛಾವಣಿ ಎಂದರೆ ನಮ್ಮ ಪಕ್ಕದ ದಂಡಿನ ಪ್ರದೇಶ ಎಂದುಕೊಳ್ಳಬೇಡಿ!) ಪ್ರತಿ ಮಳೆಗಾಲಕ್ಕೂ ಯಾರಾದರೂ ಹತ್ತಿ ಅದರ ಮಣ್ಣು ಸರಿಮಾಡಲೇಬೇಕು. ಹಾಡಿನ ಸಂಕಟವೆಲ್ಲ ಇರುವುದು ಆ "ಯಾರಾದರೂ" ಇಲ್ಲದಿರುವುದರಲ್ಲಿ.

ಅಜ್ಜಿಯನ್ನು ಕೇಳಿ. ಮನೆ ತುಂಬ ಪಾತ್ರೆ ಇಟ್ಟು, ಹನಿಯ ಸದ್ದು ಕೇಳುತ್ತ ಎಚ್ಚರಿದ್ದ ರಾತ್ರಿಗಳ ಬಗ್ಗೆ ಅವರು ಹೇಳಿಯಾರು. ದೀಪಾವಳಿ ರಜೆಗೆ ಊರಿಗೆ ಹೋಗುತ್ತೀರಲ್ಲ, ಈ ಸಲವೇ ಕೇಳಿಬಿಡಿ.