ಓಟ ಮರೆತರೆ ಮುಧೋಳ ನಾಯಿ ಉಳಿದೀತೆ?

ಬಾಗಲಕೋಟೆಯಿಂದ ಕಲಾದಗಿ, ಲೋಕಾಪುರಗಳನ್ನು ದಾಟಿ ಪಶ್ಚಿಮಕ್ಕೆ ಸಾಗಿದರೆ ಮುಧೋಳ ಸಿಗುತ್ತದೆ. ಘಟಪ್ರಭೆಯ ದಂಡೆಯ ಊರು. 'ಗದಾಯುದ್ಧ' ಬರೆದ ರನ್ನ ಹುಟ್ಟಿದ ನೆಲ. ಒಂದು ಕಾಲಕ್ಕೆ ಘೋರ್ಪಡೆ ಮನೆತನದ ಸಂಸ್ಥಾನದ ರಾಜಧಾನಿ. ಇಂದು ಸುತ್ತಲೂ ಕಬ್ಬಿನ ಹೊಲಗಳು, ಸಕ್ಕರೆ ಕಾರ್ಖಾನೆಗಳು, ಹಂಗಾಮು ಬಂತೆಂದರೆ ರಸ್ತೆಯುದ್ದಕ್ಕೂ ಕಬ್ಬು ಹೇರಿದ ಟ್ರ್ಯಾಕ್ಟರುಗಳು. ಆದರೆ ಹೊರನಾಡಿನ ಎಷ್ಟೋ ಜನರಿಗೆ ಈ ಊರಿನ ಹೆಸರು ಗೊತ್ತಿರುವುದು ಕವಿಯಿಂದಲೂ ಅಲ್ಲ, ಸಕ್ಕರೆಯಿಂದಲೂ ಅಲ್ಲ, ಒಂದು ನಾಯಿಯಿಂದ.

ಮುಧೋಳ ನಾಯಿಯನ್ನು ಮೊದಲ ಸಲ ನೋಡಿದವರು "ಪಾಪ, ಇದಕ್ಕೆ ಹೊಟ್ಟೆಗೆ ಸರಿಯಾಗಿ ಹಾಕುವುದಿಲ್ಲವೇ?" ಎಂದು ಕೇಳುವುದುಂಟು. ನೀಳ ಮೂತಿ, ಸಪೂರ ಕಾಲು, ಒಳಗೆ ಸೆಳೆದುಕೊಂಡ ಹೊಟ್ಟೆ. ಗಂಡು ನಾಯಿ ಭುಜದ ಬಳಿ ಸುಮಾರು 70 ಸೆಂ.ಮೀ. ಎತ್ತರ ಇರುತ್ತದೆ. ಈ ತೆಳ್ಳಗಿನ ಮೈ ಉಪವಾಸದ ಫಲವಲ್ಲ, ಓಟದ ಫಲ. ಆಳವಾದ ಎದೆಗೂಡಿನಲ್ಲಿ ಹೃದಯ, ಶ್ವಾಸಕೋಶಗಳಿಗೆ ಧಾರಾಳ ಜಾಗವಿದೆ. ಪೂರ್ಣ ವೇಗದಲ್ಲಿ ಓಡುವಾಗ ಪ್ರತಿ ನೆಗೆತದಲ್ಲೂ ನಾಲ್ಕೂ ಕಾಲುಗಳು ಎರಡು ಸಲ ನೆಲ ಬಿಡುತ್ತವೆ: ಒಮ್ಮೆ ಕಾಲುಗಳು ಹೊಟ್ಟೆಯಡಿ ಕೂಡಿದಾಗ, ಇನ್ನೊಮ್ಮೆ ಹಿಂದಕ್ಕೂ ಮುಂದಕ್ಕೂ ಚಾಚಿದಾಗ. ಇದು ಮುಖ್ಯವಾಗಿ ಕಣ್ಣಿನಿಂದ ಬೇಟೆಯಾಡುವ ನಾಯಿ. ದೂರದಲ್ಲಿ ಏನೋ ಅಲುಗಾಡಿದರೆ ಸಾಕು, ಮೂಗು ನೆಲಕ್ಕೆ ತಾಗಿಸದೆ ಬಾಣದಂತೆ ಹೊರಡುತ್ತದೆ.

ಅರಮನೆಯಿಂದ ಹಟ್ಟಿಗೆ

ಮಧ್ಯ ಏಷ್ಯಾ ಮತ್ತು ಅರಬ್ ಪ್ರದೇಶಗಳಿಂದ ಬಂದ ವ್ಯಾಪಾರಿಗಳು, ಸೈನಿಕರು ತಂದ ನಾಯಿಗಳೇ ಈ ತಳಿಯ ಮೂಲ ಎಂಬ ನಂಬಿಕೆಯಿದೆ. ಮಹಾರಾಷ್ಟ್ರದ ಕಡೆ ಇದನ್ನು 'ಕಾರವಾನಿ' ಎನ್ನುತ್ತಾರೆ. ನಮ್ಮಲ್ಲಿ ಇದನ್ನು ಸಾಕಿ ಬಳಸಿದವರಲ್ಲಿ ಬೇಡರು ಮುಖ್ಯರು. 1857ರಲ್ಲಿ ಬ್ರಿಟಿಷರ ನಿಶ್ಶಸ್ತ್ರೀಕರಣ ಕಾಯ್ದೆಗೆ ತಲೆಬಾಗದೆ ಹೋರಾಡಿದ ಬೇಡರ ಹಲಗಲಿ ಇರುವುದೂ ಇದೇ ತಾಲ್ಲೂಕಿನಲ್ಲಿ.

ಬೇಟೆಗಾರರ ಬಳಿಯಿದ್ದ ಈ ನಾಯಿಗಳತ್ತ ಗಮನ ಹರಿಸಿ, ಆಯ್ದು ಬೆಳೆಸಿದವರು ಸಂಸ್ಥಾನದ ಅರಸ ಮಾಲೋಜಿರಾವ್ ಘೋರ್ಪಡೆ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಇಂಗ್ಲೆಂಡಿಗೆ ಹೋದಾಗ ಅವರು ಐದನೆಯ ಜಾರ್ಜ್ ದೊರೆಗೆ ಒಂದು ಜೋಡಿ ನಾಯಿಗಳನ್ನು ಕಾಣಿಕೆ ಕೊಟ್ಟರೆಂದೂ, ಅಲ್ಲಿಂದಲೇ 'ಮುಧೋಳ ಹೌಂಡ್' ಎಂಬ ಹೆಸರು ನಿಂತಿತೆಂದೂ ಹೇಳುತ್ತಾರೆ. 1948ರಲ್ಲಿ ಸಂಸ್ಥಾನ ವಿಲೀನವಾಯಿತು. ರಾಜಾಶ್ರಯ ಹೋಯಿತು, ನಾಯಿ ಉಳಿಯಿತು. ಉಳಿಸಿದವರು ಸುತ್ತಲಿನ ಹಳ್ಳಿಗಳ ಸಾಮಾನ್ಯ ರೈತರು, ಕುರಿಗಾರರು, ಬೇಟೆಯ ಹವ್ಯಾಸವಿದ್ದ ಕುಟುಂಬಗಳು. ಜೋಳದ ನುಚ್ಚು, ರೊಟ್ಟಿ, ಹಾಲು – ಮನೆಯವರು ಉಂಡದ್ದರಲ್ಲೇ ನಾಯಿಗೂ ಪಾಲು.

ಒಂದು ಜೀವಮಾನ, ಹದಿಮೂರು ತಲೆಮಾರು

ತಳಿ ಬೆಳೆಸುವುದೆಂದರೆ ಗಂಡು ಹೆಣ್ಣು ಕೂಡಿಸಿ ಮರಿ ಮಾರುವುದು ಎಂದು ಹಲವರು ತಿಳಿದಿದ್ದಾರೆ. ಸ್ವಲ್ಪ ಲೆಕ್ಕ ಹಾಕಿದರೆ ಈ ಕೆಲಸದ ಭಾರ ತಿಳಿಯುತ್ತದೆ. ಹೆಣ್ಣು ನಾಯಿ ಗಬ್ಬವಾದ ಮೇಲೆ ಮರಿ ಹಾಕಲು ಸುಮಾರು 63 ದಿನ. ಮರಿ ಕಣ್ಣು ಬಿಡಲು ಹತ್ತು ಹದಿನಾಲ್ಕು ದಿನ. ಅದು ಬೆಳೆದು, ಓಡಿ, ತನ್ನ ಗುಣ ತೋರಿಸಲು ಎರಡು ವರ್ಷವಾದರೂ ಬೇಕು. ಅಂದರೆ ಒಂದು ತಲೆಮಾರಿಗೆ ಸರಾಸರಿ ಮೂರು ವರ್ಷ. ಇಪ್ಪತ್ತರ ಹರೆಯದಲ್ಲಿ ಶುರುಮಾಡಿ ಅರವತ್ತರವರೆಗೆ ಇದೇ ಕೆಲಸದಲ್ಲಿ ನಿಂತವನಿಗೂ ಸಿಗುವುದು ಹದಿಮೂರು ತಲೆಮಾರು ಮಾತ್ರ. ಆಯ್ಕೆಯಲ್ಲಿ ಒಮ್ಮೆ ಎಡವಿದರೆ ಅದನ್ನು ಸರಿಪಡಿಸಲು ಹತ್ತು ವರ್ಷ ಬೇಕಾದೀತು.

ಆದ್ದರಿಂದಲೇ ಅನುಭವಿಗಳ ಜಾಣತನ ಇರುವುದು ಯಾವ ನಾಯಿಯಿಂದ ಮರಿ ಪಡೆಯಬೇಕು ಎಂಬುದಕ್ಕಿಂತ ಯಾವುದರಿಂದ ಪಡೆಯಬಾರದು ಎಂಬ ನಿರ್ಧಾರದಲ್ಲಿ. ನೋಡಲು ಸುಂದರ, ಆದರೆ ಸದ್ದಿಗೆ ಬೆದರುವ ನಾಯಿ ಬೇಡ. ವೇಗವಿದ್ದೂ ಮನೆಯ ಮಕ್ಕಳ ಮೇಲೆ ಗುರುಗುಟ್ಟುವುದು ಬೇಡ. ಅತ್ಯುತ್ತಮ ಗಂಡು ಸಿಕ್ಕಿತೆಂದು ಅದನ್ನೇ ಎಲ್ಲ ಹೆಣ್ಣುಗಳಿಗೂ ಬಿಟ್ಟರೆ ಇನ್ನೊಂದು ಅಪಾಯ. ಕೆಲವೇ ವರ್ಷಗಳಲ್ಲಿ ಊರಿನ ನಾಯಿಗಳೆಲ್ಲ ಒಂದೇ ತಂದೆಯ ಸಂತಾನವಾಗುತ್ತವೆ. ಒಡಹುಟ್ಟಿದ ಎರಡು ನಾಯಿಗಳಿಗೆ ಮರಿಯಾದರೆ, ಆ ಮರಿಯಲ್ಲಿ ಯಾವುದೇ ವಂಶವಾಹಿಯ ಎರಡೂ ಪ್ರತಿಗಳು ಒಂದೇ ಪೂರ್ವಜನಿಂದ ಬಂದಿರುವ ಸಾಧ್ಯತೆ ನಾಲ್ಕರಲ್ಲಿ ಒಂದು. ಅಡಗಿದ್ದ ರೋಗಗಳು ತಲೆ ಎತ್ತುವುದು ಆಗಲೇ. ಪ್ರೌಢಶಾಲೆಯ ಮಕ್ಕಳು ಮೆಂಡೆಲನ ಬಟಾಣಿ ಗಿಡಗಳಲ್ಲಿ ಓದುವ ಪಾಠವನ್ನು ಈ ಜನ ಹಟ್ಟಿಯಲ್ಲಿ ಕಲಿತಿದ್ದಾರೆ.

ಕೇಂದ್ರ ಸರ್ಕಾರ 2017ರಲ್ಲಿ ತಂದ ನಿಯಮಗಳೂ ಇದೇ ವಿವೇಕವನ್ನು ಹೇಳುತ್ತವೆ: 18 ತಿಂಗಳು ತುಂಬದ ಹೆಣ್ಣು ನಾಯಿಯಿಂದ ಮರಿ ಪಡೆಯುವಂತಿಲ್ಲ, ಒಂದು ನಾಯಿಗೆ ಜೀವಮಾನದಲ್ಲಿ ಐದಕ್ಕಿಂತ ಹೆಚ್ಚು ಸೂಲು ಕೂಡದು, ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ.

ಕಣದಲ್ಲಿ ಕಂಡದ್ದು, ಕಾಣದ್ದು

ಶ್ವಾನ ಪ್ರದರ್ಶನಗಳಿಂದ ಈ ತಳಿಗೆ ಉಪಕಾರವಾಗಿದೆ. ತೀರ್ಪುಗಾರರು ಹಲ್ಲಿನ ಜೋಡಣೆ, ಭುಜದ ಇಳಿಜಾರು, ನಡಿಗೆ ಎಲ್ಲವನ್ನೂ ಪರೀಕ್ಷಿಸುತ್ತಾರೆ. ಹಳ್ಳಿಯ ನಾಯಿಗೆ ಕಪ್ ಸಿಕ್ಕಿದರೆ ಊರಿಗೆ ಊರೇ ಹಿಗ್ಗುತ್ತದೆ. ಆದರೆ ಕಣದಲ್ಲಿ ಹತ್ತು ಮೀಟರ್ ನಡೆದ ನಾಯಿ ಕಲ್ಲು ಮುಳ್ಳಿನ ಹೊಲದಲ್ಲಿ ಎಷ್ಟು ಓಡೀತು ಎಂಬುದನ್ನು ಯಾವ ಕಪ್ಪೂ ಹೇಳುವುದಿಲ್ಲ. ಜರ್ಮನ್ ಶೆಫರ್ಡ್‌ನಂಥ ಪ್ರಸಿದ್ಧ ತಳಿಯಲ್ಲೇ ಪ್ರದರ್ಶನದ ವಂಶ ಬೇರೆ, ದುಡಿಮೆಯ ವಂಶ ಬೇರೆ ಎಂದು ಕವಲೊಡೆದಿದೆ.

ಮುಧೋಳ ನಾಯಿಯ ಸಂಕಟ ಇದಕ್ಕಿಂತ ಆಳವಾದದ್ದು. ಅದರ ಮೂಲ ಕಸುಬೇ ಈಗ ಇಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನಂತರ ನಾಯಿ ಬಿಟ್ಟು ಮೊಲ ಹಿಡಿಸುವುದು ಅಪರಾಧ. ಕಾಯ್ದೆ ಸರಿಯಾದದ್ದೇ, ಮೊಲಕ್ಕೂ ಬದುಕುವ ಹಕ್ಕಿದೆ. ಆದರೆ ಶತಮಾನಗಳ ಕಾಲ ಬೇಟೆಯೇ ಪರೀಕ್ಷಕನಾಗಿ ರೂಪಿಸಿದ ಮೈಗೆ ಇನ್ನು ಪರೀಕ್ಷೆ ಯಾವುದು?

ಉತ್ತರ ಹುಡುಕುವ ಪ್ರಯತ್ನಗಳು ನಡೆದಿವೆ. ಬೀದರಿನ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಅಡಿಯಲ್ಲಿ ಮುಧೋಳದ ಬಳಿಯ ತಿಮ್ಮಾಪುರದಲ್ಲಿ ಶ್ವಾನ ಸಂಶೋಧನಾ ಕೇಂದ್ರ ಆರಂಭವಾಯಿತು. 2005ರಲ್ಲಿ ಅಂಚೆ ಇಲಾಖೆ ಈ ನಾಯಿಯ ಚಿತ್ರವಿರುವ ಅಂಚೆಚೀಟಿ ತಂದಿತು. 2016ರಲ್ಲಿ ಕೆಲವು ಮರಿಗಳು ಸೇನೆಯ ತರಬೇತಿಗಾಗಿ ಮೀರತ್‌ಗೆ ಹೋದವು. ರನ್‌ವೇ ಮೇಲೆ ವಿಮಾನಗಳಿಗೆ ಅಡ್ಡ ಬರುವ ಹಕ್ಕಿಗಳನ್ನು ಓಡಿಸಲೆಂದು 2021ರಲ್ಲಿ ವಾಯುಪಡೆಯ ಆಗ್ರಾ ನೆಲೆಗೆ ನಾಲ್ಕು ಮರಿಗಳನ್ನು ಕೊಡಲಾಯಿತು. ಕೊಲ್ಲದೆ ಓಡಿಸುವ ಕೆಲಸ. ಹಳೆಯ ಓಟಕ್ಕೆ ಸಿಕ್ಕ ಹೊಸ ಅರ್ಥ.

ಆದರೂ ಇದನ್ನು ಪಳಗಿಸುವುದು ಸುಲಭವಲ್ಲ. ಲ್ಯಾಬ್ರಡಾರ್ ಒಡೆಯನ ಮುಖ ನೋಡಿ ಕೆಲಸ ಮಾಡಿದರೆ, ಇದು ದೂರದ ದಿಗಂತ ನೋಡಿ ತಾನೇ ನಿರ್ಧರಿಸುತ್ತದೆ. ಗದರಿದರೆ, ಹೊಡೆದರೆ ಮುನಿಸಿಕೊಂಡು ಕಲಿಯುವುದನ್ನೇ ಬಿಟ್ಟೀತು. ಮೂರನೆಯ ವಾರದಿಂದ ಹನ್ನೆರಡನೆಯ ವಾರದವರೆಗೆ ಮರಿ ಕಂಡ ಮನುಷ್ಯರು, ಕೇಳಿದ ಸದ್ದುಗಳು ಅದರ ಇಡೀ ಬಾಳಿನ ಧೈರ್ಯವನ್ನು ರೂಪಿಸುತ್ತವೆ. ಆ ಅವಧಿಯನ್ನು ಕತ್ತಲ ಕೋಣೆಯಲ್ಲಿ ಕಳೆದ ಮರಿಗೆ ಎಂಥ ವಂಶಾವಳಿಯ ಕಾಗದವಿದ್ದರೂ ಪ್ರಯೋಜನ ಕಡಿಮೆ.

ಮರಿ ತರುವ ಮುನ್ನ

ಹೆಸರು ಕೇಳಿ ದೂರದ ನಗರಗಳಿಂದ ಮುಧೋಳಕ್ಕೆ ಬರುವವರಲ್ಲಿ ಮಕ್ಕಳ ಹಟಕ್ಕೆ ಮಣಿದು ಬಂದ ತಂದೆ ತಾಯಿಯರೂ ಇರುತ್ತಾರೆ. ಎರಡು ಕೋಣೆಯ ಮನೆ, ಇಡೀ ದಿನ ಸರಪಳಿ, ಪರೀಕ್ಷೆ ಬಂದಾಗ ವಾಯುವಿಹಾರಕ್ಕೂ ರಜೆ. ಹೀಗಾದರೆ ನಾಯಿ ಬಾಗಿಲು ಕೆರೆಯುತ್ತದೆ, ಊಟ ಬಿಡುತ್ತದೆ, ಒಂದು ದಿನ ಗೇಟು ತೆರೆದದ್ದೇ ಸಾಕು, ರಸ್ತೆಗೆ ಹಾರುತ್ತದೆ. ನೋಟಕ್ಕೆ ಸಿಕ್ಕಿದ್ದರ ಬೆನ್ನು ಹತ್ತುವ ನಾಯಿಗೆ ವಾಹನದ ಪರಿವೆಯಿರುವುದಿಲ್ಲ.

ಮರಿಯ ತಾಯಿಯನ್ನು ತೋರಿಸಿರೆಂದು ಕೇಳುವುದು, ಲಸಿಕೆಯ ವಿವರ ನೋಡುವುದು, ಎಂಟು ವಾರ ತುಂಬಿದೆಯೇ ಎಂದು ವಿಚಾರಿಸುವುದು ಕೊಳ್ಳುವವರ ಹೊಣೆ. ದಿನವೂ ಭದ್ರವಾದ ಬೇಲಿಯೊಳಗೆ ಓಡಿಸಲು ಸಾಧ್ಯವಾಗದಿದ್ದರೆ ಆಸೆಯನ್ನು ಮುಂದೂಡುವುದೇ ಮೇಲು. ನಾಯಿಯ ಮೇಲೆ ನಿಜವಾದ ಪ್ರೀತಿಯಿರುವ ವಿದ್ಯಾರ್ಥಿಗೆ ಪಶುವೈದ್ಯಕೀಯ, ತಳಿವಿಜ್ಞಾನದ ದಾರಿಗಳಿವೆ.

ಮುಧೋಳ ಸೀಮೆಯಲ್ಲಿ ತಳಿಯ ಮೇಲೆ ಅಭಿಮಾನವುಳ್ಳವರು ಬೆಲೆ ಹೇಳುವ ಮೊದಲೇ ಕೇಳುತ್ತಾರೆ: "ಓಡಾಕ ಜಾಗಾ ಐತೇನ್ರಿ? ದಿನಾ ಹೊರಗ ಕರಕೊಂಡು ಹೋಗವ್ರು ಯಾರು?" ಸರಿಯಾದ ಉತ್ತರ ಬಾರದಿದ್ದರೆ ಮರಿ ಕೊಡುವುದಿಲ್ಲ. ಕೈಗೆ ಬಂದ ಹಣ ಬಿಡುವುದು ಸಣ್ಣ ಹಿಡುವಳಿಯ ರೈತನಿಗೆ ಸುಲಭವಲ್ಲ. ಅರಮನೆ ಹೋದ ಮೇಲೂ, ಬೇಟೆ ನಿಂತ ಮೇಲೂ ಈ ನಾಯಿ ಓಡುತ್ತಿದ್ದರೆ, ಅದು ಹೀಗೆ ಮರಿ ಕೊಡದೆ ಕಳಿಸಿದವರ ಪುಣ್ಯ.