ಅಲಗಿಗೆ ಹಿಡಿ, ಹಿಡಿಗೆ ಕೈ

ಕೈಯಿಂದ ಮಾಡಿದ ಕತ್ತಿಯ ಗುಣವನ್ನು ಅಳೆಯುವವರು ಸಾಮಾನ್ಯವಾಗಿ ಅದರ ಅಲಗನ್ನು, ಅಂದರೆ ಕೊಯ್ಯುವ ಬಾಯಿಯುಳ್ಳ ಕಬ್ಬಿಣದ ಭಾಗವನ್ನು, ನೋಡಿ ತೀರ್ಪು ಕೊಡುತ್ತಾರಾದರೂ, ಆ ಕತ್ತಿ ಎಷ್ಟು ವರ್ಷ ಬಾಳುತ್ತದೆ, ಅದನ್ನು ಹಿಡಿದವರು ಎಷ್ಟು ಹೊತ್ತು ದಣಿಯದೆ ದುಡಿಯುತ್ತಾರೆ, ಕೆಲಸ ಮುಗಿದ ಮೇಲೆ ಮನೆಯ ಮಕ್ಕಳ ಕೈಕಾಲು ಎಷ್ಟು ಕ್ಷೇಮವಾಗಿರುತ್ತವೆ ಎಂಬುದನ್ನೆಲ್ಲ ನಿರ್ಧರಿಸುವುದು ಅಲಗಿನ ಹಿಂದಿರುವ ಹಿಡಿ ಮತ್ತು ಅಲಗನ್ನು ಮುಚ್ಚುವ ಒರೆ. ವಿಜಯಪುರ ಜಿಲ್ಲೆಯ ಸಿಂದಗಿ, ಇಂಡಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳ ಎರೆಭೂಮಿಯಲ್ಲಿ ಕತ್ತಿಯೆಂದರೆ ಮೊದಲು ನೆನಪಾಗಬೇಕಾದದ್ದು ಕುಡುಗೋಲು. ಅದರ ಜೊತೆಗೆ ಕಸ ತೆಗೆಯುವ ಕುರ್ಪಿ, ಕಟ್ಟಿಗೆ ಒಡೆಯುವ ಕೊಡಲಿ, ಅಡುಗೆಮನೆಯ ಈಳಿಗೆ. ಇವುಗಳ ಅಲಗನ್ನು ಕಂಬಾರ ಬಡಿದು ಕೊಟ್ಟರೆ ಹಿಡಿಯನ್ನು ಬಡಿಗ ಕೆತ್ತಿ ಕೂರಿಸುತ್ತಾನೆ. ಎರಡು ಕುಶಲತೆಗಳು ಒಂದೇ ಉಪಕರಣದಲ್ಲಿ ಕೂಡುವ ಆ ಸಂದಿಯೇ ಅತ್ಯಂತ ಸೂಕ್ಷ್ಮವಾದ ಜಾಗ. ಒಳ್ಳೆಯ ಕೆಲಸವೂ ಕೆಟ್ಟ ಕೆಲಸವೂ ಬಯಲಾಗುವುದು ಅಲ್ಲಿಯೇ.

ಈ ಸೀಮೆಯ ಸುಗ್ಗಿ ಕುಡುಗೋಲಿನ ಹಿಡಿಯನ್ನು ಪರೀಕ್ಷಿಸುವ ಬಗೆಯನ್ನು ಗಮನಿಸಬೇಕು. ಹಿಂಗಾರಿನ ಬಿಳಿಜೋಳವನ್ನು ಇಲ್ಲಿ ಬಹುಮಟ್ಟಿಗೆ ಬೇರುಸಹಿತ ಕಿತ್ತು ಸಾಲಾಗಿ ಕೆಡವಿ, ಆಮೇಲೆ ತೆನೆಯನ್ನು ಬೇರ್ಪಡಿಸುವುದರಿಂದ ಕುಡುಗೋಲಿಗೆ ಅಲ್ಲಿ ಹಗುರವಾದ, ಆದರೆ ಸಾವಿರ ಸಲ ಮರುಕಳಿಸುವ ಕೆಲಸ. ತೊಗರಿಯಾದರೆ ಹಾಗಲ್ಲ, ಅದರ ಬುಡ ಕಟ್ಟಿಗೆಯಷ್ಟೇ ಗಟ್ಟಿಯಾಗಿರುವುದರಿಂದ ಪ್ರತಿ ಕೊಯ್ತದಲ್ಲೂ ಅಲಗಿಗೆ ಬಿದ್ದ ಏಟು ಹಿಡಿಯ ಮೂಲಕ ಮಣಿಕಟ್ಟಿಗೆ ಬಂದು ಮುಟ್ಟುತ್ತದೆ. ಹೀಗೆ ದಿನವಿಡೀ ನಡೆಯುವ ಕೆಲಸದಲ್ಲಿ ಹಿಡಿ ಕೂದಲೆಳೆಯಷ್ಟು ಅಲುಗಾಡಿದರೂ ಅಂಗೈಯಲ್ಲಿ ಗುಳ್ಳೆ ಏಳುತ್ತದೆ, ಮತ್ತು ಅಲುಗಾಡುವ ಹಿಡಿಯನ್ನು ಬಿಗಿಯಾಗಿ ಹಿಡಿಯಲು ಕೈ ತಾನಾಗಿಯೇ ಹೆಚ್ಚಿನ ಬಲ ಹಾಕುವುದರಿಂದ ಮಧ್ಯಾಹ್ನದ ಹೊತ್ತಿಗೆ ಮುಂಗೈ ಸೋತುಹೋಗುತ್ತದೆ. ಅಲಗು ಮೊಂಡಾದರೆ ಕಲ್ಲಿಗೆ ಉಜ್ಜಿ ಹರಿತ ಮಾಡಿಕೊಳ್ಳಬಹುದು. ಹೊಲದ ನಡುವೆ ಸಡಿಲಾದ ಹಿಡಿಗೆ ಉಪಾಯವಿಲ್ಲ.

ಹಿಡಿ ಕೂರಿಸುವ ಕ್ರಮ ಹೊರಗಿನಿಂದ ಸರಳವಾಗಿ ಕಂಡರೂ ಅದರ ಪ್ರತಿ ಹಂತಕ್ಕೂ ಒಂದು ಕಾರಣವಿದೆ. ಕಂಬಾರನು ಹಳೆಯ ಲಾರಿಯ ಪಾಟಾವನ್ನು, ಅಂದರೆ ಗಾಲಿಯ ಮೇಲಿನ ಸ್ಪ್ರಿಂಗ್ ಪಟ್ಟಿಯನ್ನು, ಕುಲುಮೆಯಲ್ಲಿ ಕಾಯಿಸಿ ಅಲಗು ಬಡಿಯುವಾಗಲೇ ಅದರ ಹಿಂತುದಿಯನ್ನು ಚೌಕನೆಯ, ತುದಿಗೆ ಸಣ್ಣಗಾಗುತ್ತ ಹೋಗುವ ಬಾಲವಾಗಿ ಎಳೆದಿರುತ್ತಾನೆ. ಬಾಲ ದುಂಡಗಿದ್ದರೆ ಹಿಡಿಯೊಳಗೆ ತಿರುಗುತ್ತದೆ, ಚೌಕವಾಗಿದ್ದರೆ ಅದರ ನಾಲ್ಕು ಮೂಲೆಗಳೂ ಕಟ್ಟಿಗೆಯನ್ನು ಕಚ್ಚಿಕೊಳ್ಳುತ್ತವೆ. ಬಡಿಗನು ಹಿಡಿಯ ನಟ್ಟನಡುವೆ ಬಾಲಕ್ಕಿಂತ ಸಣ್ಣದೊಂದು ತೂತು ಕೊರೆದು, ಹಿಡಿಯ ಬಾಯಿಗೆ ಅಣಸನ್ನು, ಅಂದರೆ ಕಟ್ಟಿಗೆ ಸೀಳದಂತೆ ತಡೆಯುವ ಕಬ್ಬಿಣದ ಅಥವಾ ಹಿತ್ತಾಳೆಯ ಬಳೆಯನ್ನು, ಬಿಗಿಯುತ್ತಾನೆ. ಅನಂತರ ಅಲಗಿನ ಹದ ಕೆಡದಿರಲೆಂದು ಅದಕ್ಕೆ ಒದ್ದೆ ಬಟ್ಟೆ ಸುತ್ತಿ, ಬಾಲವನ್ನಷ್ಟೇ ಕೆಂಪಗೆ ಕಾಯಿಸಿ, ತೂತಿನೊಳಗೆ ನೇರವಾಗಿ ಒತ್ತಿದಾಗ ಹೊಗೆ ಏಳುತ್ತದೆ, ಕಟ್ಟಿಗೆ ಒಳಗೊಳಗೇ ಸುಟ್ಟು ಬಾಲದ ಆಕಾರಕ್ಕೆ ಸರಿಯಾದ ಮನೆಯೊಂದು ತಾನಾಗಿ ಕೊರೆದುಕೊಳ್ಳುತ್ತದೆ. ಈ ಗಳಿಗೆಯಲ್ಲಿ ಕೈ ಒಂದಿಷ್ಟು ವಾಲಿದರೂ ಅಲಗು ಹಿಡಿಗೆ ಸೊಟ್ಟಾಗಿ ನಿಲ್ಲುತ್ತದೆ, ಮತ್ತು ಹೊತ್ತು ಹೆಚ್ಚಾದರೆ ಮನೆ ಅಗಲವಾಗಿ ಹಿಡಿತ ತಪ್ಪುತ್ತದೆ. ಆದ್ದರಿಂದ ಬಾಲವನ್ನು ಎರಡು ಮೂರು ಸಲ ಇಳಿಸಿ, ತೆಗೆದು, ಕೊನೆಯ ತುಸು ದೂರವನ್ನು ಸುತ್ತಿಗೆಯ ಏಟಿನಿಂದಲೇ ಮುಗಿಸುವುದು ಬಲ್ಲವರ ರೀತಿ.

ಸುಟ್ಟ ತೂತಿನಲ್ಲಿ ಉಳಿದ ಸಂದಿಗೆ ಅರಗು ತುಂಬುವ ಪದ್ಧತಿ ಭಾರತದ ಕತ್ತಿಗಳಲ್ಲೆಲ್ಲ ಹಳೆಯದು. ಅರಗು ಮರದ ಮೇಲಿನ ಕೀಟವೊಂದು ಸ್ರವಿಸುವ ಅಂಟು; ಸುಮಾರು 75 ಡಿಗ್ರಿ ಸೆಲ್ಸಿಯಸ್ ಶಾಖಕ್ಕೆ ಕರಗುವ ಅದಕ್ಕೆ ಇಟ್ಟಿಗೆಯ ಸಣ್ಣ ಪುಡಿ ಬೆರೆಸಿ ಹಾಕಿದರೆ ತಣ್ಣಗಾದ ಮೇಲೆ ಕಲ್ಲಿನಂತೆ ಗಟ್ಟಿಯಾಗುತ್ತದೆ. ಅರಸರ ಕತ್ತಿಗಳ ಲೋಹದ ಹಿಡಿಗಳೊಳಗೂ ಬಾಲವನ್ನು ಹಿಡಿದಿಟ್ಟದ್ದು ಇಂಥ ಅಂಟೇ. ಇಂದು ಎರಡು ಟ್ಯೂಬುಗಳ ರಾಸಾಯನಿಕ ಅಂಟು ಇದಕ್ಕಿಂತ ಬಲವಾಗಿದೆ ನಿಜ, ಆದರೆ ಅರಗಿನ ಗುಣ ಬೇರೆ: ಹಿಡಿ ಒಡೆದ ದಿನ ಅಲಗನ್ನು ತುಸು ಕಾಯಿಸಿದರೆ ಸಾಕು, ಅರಗು ಮೆತ್ತಗಾಗಿ ಬಾಲ ಹಾನಿಯಿಲ್ಲದೆ ಹೊರಬರುತ್ತದೆ, ಅದೇ ಅಲಗಿಗೆ ಹೊಸ ಹಿಡಿ ಸೇರುತ್ತದೆ. ಮತ್ತೆ ಬಿಚ್ಚಬಹುದಾದಂತೆ ಕಟ್ಟುವ ಈ ಜಾಣ್ಮೆಗೆ ಎಷ್ಟು ಗೌರವ ಸಲ್ಲಿಸಿದರೂ ಕಡಿಮೆಯೇ. ಬಿಸಿಲಲ್ಲಿ ಬಿದ್ದ ಕಬ್ಬಿಣ ಕಾದು ಅರಗನ್ನು ಸಡಿಲಿಸಬಹುದಾದ್ದರಿಂದ ಇಂಥ ಕತ್ತಿಯನ್ನು ಬದುವಿನ ಮೇಲೆ ಬಿಟ್ಟುಹೋಗದೆ ನೆರಳಿನಲ್ಲಿಡಬೇಕಾಗುತ್ತದೆ, ಅಷ್ಟೇ.

ಹಿಡಿಗೆ ಯಾವ ಕಟ್ಟಿಗೆ ಎಂಬ ಪ್ರಶ್ನೆಗೆ ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ ಬೀಳುವ ಈ ಬಯಲು ತನ್ನದೇ ಉತ್ತರ ಕೊಟ್ಟಿದೆ. ಕರಿಜಾಲಿಯ ಚೇಗು, ಎಂದರೆ ಕಾಂಡದ ನಡುವಿನ ಕೆಂಗಂದು ಬಣ್ಣದ ತಿರುಳು, ಘನ ಮೀಟರಿಗೆ ಹತ್ತಿರಹತ್ತಿರ 800 ಕಿಲೋಗ್ರಾಂ ತೂಗುವ ಗಟ್ಟಿ ಕಟ್ಟಿಗೆಯಾಗಿದ್ದು, ಏಟು ತಾಳುತ್ತದೆ, ಬೆವರಿಗೆ ಕೊಳೆಯುವುದಿಲ್ಲ; ಗಾಡಿ, ಕುಂಟೆ, ಕೂರಿಗೆಗಳಿಗೂ ಹಿಂದಿನಿಂದ ಇದೇ ಕಟ್ಟಿಗೆ ಒದಗಿಬಂದಿದೆ. ಚೇಗಿನ ಸುತ್ತಲಿನ ಬಿಳಿ ಕಟ್ಟಿಗೆಯಲ್ಲಿ ಹಿಡಿ ಮಾಡಿದರೆ ಕೊರೆಹುಳು ಬಿದ್ದು ಕೆಲವೇ ವರ್ಷಗಳಲ್ಲಿ ಅದು ಹಿಟ್ಟಾಗುತ್ತದೆ. ತೇಗವು ನೋಡಲು ಚೆಂದ, ಕೆತ್ತಲು ಹಗುರ, ಆದರೆ ತೊಗರಿಯ ಏಟಿಗೆ ಬೇಗ ಸೀಳುತ್ತದೆ. ರಸ್ತೆಬದಿಯಲ್ಲೂ ಬೀಳುಭೂಮಿಯಲ್ಲೂ ಹಬ್ಬಿ ರೈತರ ಶಾಪಕ್ಕೆ ಗುರಿಯಾಗಿರುವ ಬಳ್ಳಾರಿ ಜಾಲಿಯ ಬಗ್ಗೆ ಇಲ್ಲಿ ಒಂದು ಒಳ್ಳೆಯ ಮಾತು ಹೇಳಬೇಕಾಗುತ್ತದೆ: ಅದರ ಕಟ್ಟಿಗೆ ಒಣಗುವಾಗ ಕುಗ್ಗುವುದು ತೀರಾ ಕಡಿಮೆ, ಆದ್ದರಿಂದ ಬೇಸಿಗೆಯಲ್ಲಿ ಸಡಿಲಾಗದ ಹಿಡಿ ಬೇಕೆಂದರೆ ಅದಕ್ಕಿಂತ ಒಳ್ಳೆಯ ಮರ ಈ ಕಡೆ ಸುಲಭವಾಗಿ ಸಿಗದು. ಅದರ ಕೊಂಬೆಗಳು ಸೊಟ್ಟ ಎಂಬುದು ಹಲಗೆಗೆ ದೋಷವಾದೀತು, ಗೇಣುದ್ದದ ಹಿಡಿಗೆ ಅಡ್ಡಿಯಿಲ್ಲ. ಅದನ್ನು ಬರಿಯ ಸೌದೆಯಾಗಿ, ಇದ್ದಿಲಾಗಿ ಸುಡುವುದು ದೊಡ್ಡ ನಷ್ಟ.

ಮರ ಯಾವುದೇ ಇರಲಿ, ಹಸಿಯಾಗಿದ್ದಾಗ ಹಿಡಿ ಮಾಡಬಾರದು. ಬೇಸಿಗೆಯಲ್ಲಿ ತಾಪ 40 ಡಿಗ್ರಿ ದಾಟುವ ವಿಜಯಪುರ ಜಿಲ್ಲೆಯಲ್ಲಿ ಕಟ್ಟಿಗೆಯೊಳಗಿನ ನೀರು ಆರಿದಂತೆ ಅಣಸು ಕಳಚುತ್ತದೆ, ಬಾಲ ಅಲುಗಾಡುತ್ತದೆ. ಆಗ ಬಹಳ ಮಂದಿ ಕುಡುಗೋಲನ್ನು ರಾತ್ರಿಯಿಡೀ ಬಕೆಟ್ಟಿನ ನೀರಿನಲ್ಲಿ ಅದ್ದಿಡುತ್ತಾರೆ. ಮರುದಿನ ಹಿಡಿ ಬಿಗಿಯಾಗಿರುವುದೂ ಸತ್ಯ. ಆದರೆ ಉಬ್ಬಿದ ಕಟ್ಟಿಗೆಗೆ ಹೊರಗೆ ಅಣಸು, ಒಳಗೆ ಕಬ್ಬಿಣ ಅಡ್ಡವಾಗಿರುವುದರಿಂದ ಅದರ ನಾರುಗಳು ನುಜ್ಜುಗುಜ್ಜಾಗಿ, ಮತ್ತೆ ಒಣಗಿದಾಗ ಮೊದಲಿಗಿಂತ ಹೆಚ್ಚು ಕುಗ್ಗುತ್ತವೆ, ಹೀಗಾಗಿ ಪ್ರತಿ ಸಲ ನೆನೆಸಿದಾಗಲೂ ಹಿಡಿಯ ಆಯುಷ್ಯ ಕಡಿಮೆಯಾಗುತ್ತದೆ. ನೀರಿಗಿಂತ ಎಣ್ಣೆ ಮೇಲು, ಮತ್ತು ಆ ಎಣ್ಣೆಯೂ ಈ ನೆಲದಲ್ಲೇ ಇದೆ. ಜೋಳದ ಹೊಲದ ಅಕ್ಕಡಿ ಸಾಲಿನಲ್ಲಿ ಬೆಳೆಯುವ ಅಗಸೆ ಮತ್ತು ಕುಸುಬೆ ಎರಡರ ಎಣ್ಣೆಗೂ ಗಾಳಿ ತಗುಲಿದಾಗ ತೆಳ್ಳನೆಯ ಪೊರೆಯಾಗಿ ಒಣಗುವ ಗುಣವಿದೆ. ಅದರಲ್ಲೂ ಅಗಸೆ ಎಣ್ಣೆಯನ್ನು ತೆಳುವಾಗಿ ಸವರಿ, ಒರೆಸಿ, ಒಣಗಿಸಿ, ಮತ್ತೆ ಸವರಿದರೆ ಹಿಡಿ ಬೆವರನ್ನೂ ಮಳೆಯನ್ನೂ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಶೇಂಗಾ ಎಣ್ಣೆ ಒಣಗದೆ ಜಿಗುಟಾಗಿ ಉಳಿದು ಧೂಳು ಹಿಡಿಯುವುದರಿಂದ ಈ ಕೆಲಸಕ್ಕೆ ಬಾರದು.

ಆಕಾರದ ವಿಚಾರದಲ್ಲಿ ಹಳೆಯ ಹಿಡಿಗಳಿಂದ ಕಲಿಯುವುದು ಬಹಳ ಇದೆ. ಒಳ್ಳೆಯ ಕುಡುಗೋಲಿನ ಹಿಡಿ ನಡುವೆ ತುಸು ಉಬ್ಬಿ, ತುದಿಯಲ್ಲಿ ಕಿರುಬೆರಳು ಆತುಕೊಳ್ಳುವಂತೆ ಕೆಳಗೆ ಬಾಗಿರುತ್ತದೆ. ಆ ಬಾಗಿನಿಂದಾಗಿ ಬೆವೆತ ಕೈಯಿಂದಲೂ ಕುಡುಗೋಲು ಜಾರದು, ಎಳೆಯುವಾಗ ಬೆರಳುಗಳೆಲ್ಲ ಒತ್ತಿ ಹಿಡಿಯಬೇಕಾದ ಅಗತ್ಯವೂ ಬೀಳದು. ಅಡ್ಡಸೀಳಿನಲ್ಲಿ ಅದು ಪೂರ್ತಿ ದುಂಡಗಿರದೆ ಮೊಟ್ಟೆಯಾಕಾರದಲ್ಲಿರುವುದರಿಂದ ಕಣ್ಣು ಬೆಳೆಯ ಮೇಲಿದ್ದರೂ ಅಲಗಿನ ಬಾಯಿ ಯಾವ ಕಡೆಗಿದೆಯೆಂದು ಅಂಗೈಗೆ ತಿಳಿಯುತ್ತದೆ. ಕುರ್ಪಿಯದು ಬೇರೆ ಲೆಕ್ಕ: ಕುಕ್ಕರುಗಾಲಲ್ಲಿ ಕುಳಿತು ನೆಲಕ್ಕೆ ಒತ್ತುವ ಉಪಕರಣವಾದ್ದರಿಂದ ಅದರ ಹಿಡಿಯ ಹಿಂತುದಿ ಅಂಗೈಯ ಗುಳಿಯಲ್ಲಿ ಕೂರುವಂತೆ ಗುಂಡಗೆ ನುಣುಪಾಗಿರಬೇಕು. ಕಸ ತೆಗೆಯುವ ಕೆಲಸ ಈ ಸೀಮೆಯಲ್ಲಿ ಹೆಚ್ಚಾಗಿ ಹೆಣ್ಣುಮಕ್ಕಳದು. ಅಂಗಡಿಗೆ ಒಂದೇ ಅಳತೆಯಲ್ಲಿ ಬರುವ ದಪ್ಪ ಹಿಡಿಗಳು ಅವರ ಕೈಗೆ ದೊಡ್ಡವಾಗುತ್ತವೆ ಎಂಬುದನ್ನು ಮಾಡುವವರೂ ಮಾರುವವರೂ ಇನ್ನು ಮೇಲಾದರೂ ಗಮನಿಸಬೇಕು. ಕಂಬಾರ, ಬಡಿಗ ಮೊದಲಾದವರು ವರ್ಷವಿಡೀ ಊರಿನ ಕೆಲಸ ಮಾಡಿಕೊಟ್ಟು ಸುಗ್ಗಿಯಲ್ಲಿ ಕಣದಿಂದ ಕಾಳಿನ ಪಾಲು ಪಡೆಯುತ್ತಿದ್ದ ಆಯಗಾರ ಪದ್ಧತಿಯಲ್ಲಿ ಈ ತೊಂದರೆ ಕಡಿಮೆಯಿತ್ತು, ಏಕೆಂದರೆ ಬಡಿಗನಿಗೆ ಪ್ರತಿ ಮನೆಯ ಕೈಯೂ ಗೊತ್ತಿತ್ತು, ತಾನು ಕೂರಿಸಿದ ಹಿಡಿ ಸಡಿಲಾದರೆ ಅದು ತನ್ನ ಬಳಿಗೇ ಮರಳಿ ಬರುವುದೆಂಬುದೂ ಗೊತ್ತಿತ್ತು. ಆ ವ್ಯವಸ್ಥೆಯಲ್ಲಿದ್ದ ಜಾತಿಯ ಕಟ್ಟುಪಾಡು ಹೋದದ್ದು ಒಳ್ಳೆಯದೇ. ಮಾಡಿದವನಿಗೂ ಬಳಸುವವನಿಗೂ ಇದ್ದ ಆ ಪರಿಚಯ ಉಳಿಯಬೇಕಿತ್ತು.

ಈಳಿಗೆಯನ್ನು ಇಲ್ಲಿ ಮರೆಯಲಾಗದು. ಅದಕ್ಕೆ ಹಿಡಿಯೇ ಇಲ್ಲವೆಂದು ತೋರಿದರೂ ಕಾಲಿನಿಂದ ಅದುಮಿ ಹಿಡಿಯುವ ಮಣೆಯೇ ಅದರ ಹಿಡಿ. ಮಣೆ ನೆಲಕ್ಕೆ ಸಮನಾಗಿ ಕೂರದಿದ್ದರೆ ಎಂಥ ಹರಿತವಾದ ಅಲಗೂ ಅಪಾಯಕಾರಿಯೇ.

ಇನ್ನು ಒರೆ. ಬಯಲುಸೀಮೆಯ ಕುಡುಗೋಲಿಗೆ ಸಾಮಾನ್ಯವಾಗಿ ಒರೆ ಇರುವುದಿಲ್ಲ. ಅರಿವೆಯ ತುಂಡು ಸುತ್ತಿ, ಇಲ್ಲವೆ ಹಾಗೆಯೇ, ಚಪ್ಪರದ ಸಂದಿಯಲ್ಲೋ ಗೋಡೆಯ ಗೂಟದಲ್ಲೋ ಸಿಕ್ಕಿಸುತ್ತಾರೆ. ಮಲೆನಾಡಿನವರು ಸೊಂಟದ ಹಿಂದೆ ಕಟ್ಟುವ ಕೊಕ್ಕೆಯಲ್ಲಿ ಕತ್ತಿಯನ್ನು ಸಿಕ್ಕಿಸಿಕೊಂಡು ಎರಡೂ ಕೈ ಖಾಲಿ ಮಾಡಿಕೊಂಡು ಮರ ಹತ್ತುತ್ತಾರೆ. ಕೊಡವರ ಅಗಲವಾದ ಒಡಿಕತ್ತಿ ಬೆನ್ನ ಮೇಲಿನ ತೊಡಂಗ್ ಎಂಬ ಲೋಹದ ಕೊಕ್ಕೆಯಲ್ಲಿ ನಿಲ್ಲುತ್ತದೆ, ಸೊಂಟಪಟ್ಟಿಯ ಮುಂದೆ ಸಿಕ್ಕಿಸುವ ಪೀಚೆಕತ್ತಿಗಾದರೋ ಬೆಳ್ಳಿಯ ಕೆಲಸದ ಒರೆ. ವಿಜಯಪುರಕ್ಕೂ ಇಂಥ ಸಿರಿಯ ಚರಿತ್ರೆ ಇಲ್ಲದಿಲ್ಲ: ನ್ಯೂಯಾರ್ಕಿನ ಮೆಟ್ರೊಪಾಲಿಟನ್ ವಸ್ತುಸಂಗ್ರಹಾಲಯದಲ್ಲಿ, ವಿಜಯಪುರದಲ್ಲೋ ಗೋಲ್ಕೊಂಡದಲ್ಲೋ 16ನೆಯ ಶತಮಾನದ ಉತ್ತರಾರ್ಧದಲ್ಲಿ ತಯಾರಾದುದೆಂದು ಗುರುತಿಸಲಾದ ಬಾಕು ಒಂದಿದೆ, ತಾಮ್ರದಲ್ಲಿ ಎರಕ ಹೊಯ್ದು ಚಿನ್ನದ ಮುಲಾಮು ಹಚ್ಚಿ ಮಾಣಿಕ್ಯ ಕೂರಿಸಿದ ಅದರ ಹಿಡಿ ಕಾದಾಡುವ ಪ್ರಾಣಿಗಳ ಆಕಾರದಲ್ಲಿದೆ. ಅದು ನೋಡುವವರ ಕಣ್ಣಿಗಾಗಿ ಮಾಡಿದ ಹಿಡಿ, ಅದರ ಸೊಗಸು ಅಪೂರ್ವ. ದಿನವಿಡೀ ದುಡಿಯುವ ಕೈಗೆ ಜಾಲಿಯ ಹಿಡಿಯೇ ಮೇಲು.

ಒರೆಯ ಒಳ್ಳೆಯತನ ಅಲಗನ್ನು ಕಾಯುವುದರಲ್ಲಿದೆ. ಜಪಾನಿನ ಕತ್ತಿಗಾರರು ಒರೆಗೆ ಅಂಟು ಕಡಿಮೆಯಿರುವ ಮೃದುವಾದ ಮ್ಯಾಗ್ನೋಲಿಯಾ ಮರವನ್ನು ಆರಿಸಿ, ಎರಡು ಸೀಳುಗಳನ್ನು ಅನ್ನದ ಅಂಟಿನಿಂದ ಜೋಡಿಸುತ್ತಾರೆ. ಒಳಗೆ ತುಕ್ಕು ಸೇರಿದ ದಿನ ಅದನ್ನು ಬಿಚ್ಚಿ ಶುಚಿ ಮಾಡಬಹುದು. ಚರ್ಮದ ಒರೆಯಾದರೆ ಎರಡು ಪದರಗಳ ನಡುವೆ, ಹೊಲಿಗೆಯ ಒಳಗಡೆ, ಮತ್ತೊಂದು ಸಣ್ಣ ಚರ್ಮದ ಪಟ್ಟಿ ಇರಲೇಬೇಕು, ಏಕೆಂದರೆ ಅಲಗಿನ ಬಾಯಿ ಆ ಪಟ್ಟಿಗೆ ತಾಗುತ್ತದೆಯೇ ಹೊರತು ದಾರವನ್ನು ಕೊಯ್ಯುವುದಿಲ್ಲ. ಅಗ್ಗದ ಒರೆಗಳು ಹರಿಯುವುದು ಈ ಪಟ್ಟಿಯಿಲ್ಲದೆ. ಜಾಲಿಯ ತೊಗಟೆ, ಅಳಲೆಕಾಯಿಗಳಿಂದ ಹದ ಮಾಡಿದ ಚರ್ಮ ಗಟ್ಟಿಯಾಗಿ ನಿಲ್ಲುತ್ತದೆ, ಒದ್ದೆ ಮಾಡಿ ಅಲಗಿನ ಮೇಲೆ ಒತ್ತಿದರೆ ಅದರ ಆಕಾರವನ್ನೇ ತಳೆಯುತ್ತದೆ. ಆದರೆ ಅದರೊಳಗಿನ ಒಗರು ತೇವದೊಂದಿಗೆ ಸೇರಿ ಕಬ್ಬಿಣವನ್ನು ಕಪ್ಪಾಗಿಸಿ ತುಕ್ಕು ಹಿಡಿಸುವುದರಿಂದ, ಕತ್ತಿಯನ್ನು ತಿಂಗಳುಗಟ್ಟಲೆ ಚರ್ಮದ ಒರೆಯಲ್ಲಿ ಮಲಗಿಸಬಾರದು. ಒರೆ ಒಯ್ಯುವುದಕ್ಕೆ, ಇಡುವುದಕ್ಕೆ ಎಣ್ಣೆ ಸವರಿದ ಅರಿವೆ.

ಇಂಥ ಚರ್ಮದ ಕೆಲಸ ವಿಜಯಪುರ ಜಿಲ್ಲೆಗೆ ಹೊಸದಲ್ಲ. ಕೊಲ್ಹಾಪುರಿ ಚಪ್ಪಲಿಗೆ ದೊರೆತ ಭೌಗೋಳಿಕ ಗುರುತಿನಲ್ಲಿ ಮಹಾರಾಷ್ಟ್ರದ ನಾಲ್ಕು ಜಿಲ್ಲೆಗಳ ಜೊತೆಗೆ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರಗಳೂ ಸೇರಿವೆ, ಮತ್ತು ಆ ಚಪ್ಪಲಿಗೆ ಬೇಕಾಗುವುದೂ ತೊಗಟೆಯಿಂದ ಹದ ಮಾಡಿದ ಇದೇ ಬಗೆಯ ಚರ್ಮ. ಅಂಥ ಚಪ್ಪಲಿ ಹೊಲಿಯುವ ಕೈಗೆ ಕುಡುಗೋಲಿನ ಬಾಗಿದ ಬಾಯಿಗೊಂದು ಒರೆ ಹೊಲಿಯುವುದು ದೊಡ್ಡ ಕೆಲಸವಾಗಲಾರದು. ಕಬ್ಬು ಕಡಿಯಲು ಮನೆಮಂದಿಯೊಂದಿಗೆ ಟ್ರ್ಯಾಕ್ಟರ್ ಏರಿ ದೂರದ ಕಾರ್ಖಾನೆಗಳ ಕಡೆಗೆ ಹೋಗುವ ತಾಂಡಾಗಳ ಕುಟುಂಬಗಳು ಹರಿತವಾದ ಕೊಯ್ತಾಗಳನ್ನು ಮಕ್ಕಳ ಮಗ್ಗುಲಲ್ಲೇ ಒಯ್ಯಬೇಕಾಗುತ್ತದೆ. ಒರೆಯ ಅಗತ್ಯ ಇವರಿಗಿಂತ ಹೆಚ್ಚಾಗಿ ಯಾರಿಗೂ ಇರಲಾರದು.

ಸಂತೆಯಲ್ಲಿ ಕುಡುಗೋಲು ಕೊಳ್ಳುವವರು ಹೆಬ್ಬೆರಳಿನಿಂದ ಬಾಯಿಯ ಹರಿತ ನೋಡುವ ಮುನ್ನ ಹಿಡಿಯ ಹಿಂತುದಿಯಲ್ಲಿ ಕಟ್ಟಿಗೆಯ ಗೆರೆಗಳು ಉದ್ದಕ್ಕೆ ಓಡುತ್ತವೆಯೇ, ಅಣಸು ಕೈಗೆ ತಿರುಗುತ್ತದೆಯೇ ಎಂಬುದನ್ನು ನೋಡಬೇಕು. ಸಾಧ್ಯವಾದರೆ ಬರಿಯ ಅಲಗನ್ನೇ ಕೊಂಡು, ಅದನ್ನು ಬಳಸುವವರನ್ನೇ ಬಡಿಗನ ಬಳಿಗೆ ಕರೆದೊಯ್ದು, ಅವರ ಕೈ ಅಳತೆಗೆ ಹಿಡಿ ಹಾಕಿಸಬೇಕು. ಅದಕ್ಕೆ ಕೊಡುವ ಹೆಚ್ಚಿನ ಹಣ ಒಂದೇ ಸುಗ್ಗಿಯಲ್ಲಿ ತೀರುತ್ತದೆ.