ವೈಟ್‌ಫೀಲ್ಡ್‌ನ ಇನ್ನರ್ ಸರ್ಕಲ್

ಬೆಂಗಳೂರಿನ ನೇರಳೆ ಮಾರ್ಗದ ಮೆಟ್ರೊ ಹತ್ತಿ ಪೂರ್ವ ದಿಕ್ಕಿನ ಕೊನೆಯ ನಿಲ್ದಾಣಕ್ಕೆ ಹೋದರೆ ವೈಟ್‌ಫೀಲ್ಡ್ ಸಿಗುತ್ತದೆ. ಹೆಸರು ಕೇಳಿದೊಡನೆ ಐ.ಟಿ. ಕಂಪನಿಗಳು, ಗಾಜಿನ ಕಟ್ಟಡಗಳು, ಮುಗಿಯದ ವಾಹನಗಳ ಸಾಲು ಕಣ್ಣಿಗೆ ಬರುತ್ತವೆ. ಆದರೆ ಆಟೊದವರಿಗೆ ‘ಇನ್ನರ್ ಸರ್ಕಲ್’ ಎಂದು ಹೇಳಿ ನೋಡಿ. ದುಂಡಗಿನ ರಸ್ತೆ, ಹಳೆಯ ಮರಗಳು, ಅಳಿದುಳಿದ ಹೆಂಚಿನ ಮನೆಗಳು ಇರುವ ಬೇರೊಂದು ಊರಿಗೇ ಬಂದಂತಾಗುತ್ತದೆ.

ಮಕ್ಕಳೇ, ವೈಟ್‌ಫೀಲ್ಡ್ ಎಂದರೆ ಬಿಳಿ ಹೊಲವಲ್ಲ. ವೈಟ್ ಎಂಬುದು ಒಬ್ಬರ ಹೆಸರು. ಡಿ. ಎಸ್. ವೈಟ್ ಅವರು ಆಂಗ್ಲೋ-ಇಂಡಿಯನ್ನರ ಮುಖಂಡರು. ಯುರೋಪಿನಿಂದ ಬಂದವರು ಮತ್ತು ಇಲ್ಲಿಯವರು ಮದುವೆಯಾಗಿ ಬೆಳೆದ ಸಮುದಾಯ ಅದು. ಬ್ರಿಟಿಷರು ಅವರಿಗೆ ರೈಲ್ವೆ, ಟೆಲಿಗ್ರಾಫ್ ಇಲಾಖೆಗಳಲ್ಲಿ ಕೆಲಸ ಕೊಟ್ಟರು, ಸರಿಸಮಾನರೆಂದು ಪಕ್ಕದಲ್ಲಿ ಕೂರಿಸಲಿಲ್ಲ. ನಮ್ಮವರು ಅವರನ್ನು ದೊರೆಗಳ ಕಡೆಯವರೆಂದು ದೂರ ಇಟ್ಟರು. ತಮ್ಮದೇ ನೆಲದಲ್ಲಿ ಬೇಸಾಯ ಮಾಡಿ ಬದುಕಲಿ ಎಂಬುದು ವೈಟ್ ಅವರ ಆಸೆ. 1882ರಲ್ಲಿ ಮೈಸೂರಿನ ಮಹಾರಾಜ ಚಾಮರಾಜ ಒಡೆಯರ್ ಇದಕ್ಕಾಗಿ ಸುಮಾರು 3,900 ಎಕರೆ ಭೂಮಿ ನೀಡಿದರು.

1947ರ ನಂತರ ಈ ಸಮುದಾಯದ ಅನೇಕರು ಇಂಗ್ಲೆಂಡ್, ಆಸ್ಟ್ರೇಲಿಯಾ, ಕೆನಡಾಕ್ಕೆ ಹೊರಟರು. ಉಳಿದವರಿಗೆ ಒಂದು ಪ್ರಶ್ನೆ ಗಂಟುಬಿತ್ತು: “ನೀವು ಯಾವಾಗ ಹೋಗ್ತೀರಿ?”

ನಾನು ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದಾಗ ಪಕ್ಕದ ಕೌಂಟರಿನಲ್ಲಿ ಈ ಊರಿನ ಮಹಿಳೆಯೊಬ್ಬರಿದ್ದರು. ಗ್ರಾಹಕರು ತಡವರಿಸುತ್ತ ಇಂಗ್ಲಿಷಿನಲ್ಲಿ ಮಾತಾಡಿದರೆ ಅವರು ಸೊಗಸಾದ ಕನ್ನಡದಲ್ಲಿ ಉತ್ತರ ಕೊಡುತ್ತಿದ್ದರು. ಒಬ್ಬರು, “ನಿಮ್ಮ ದೇಶಕ್ಕೆ ಹೋಗೋದು ಯಾವಾಗ?” ಎಂದು ಕೇಳಿಯೇಬಿಟ್ಟರು. “ದಿನಾ ಸಂಜೆ ಹೋಗ್ತೀನಲ್ಲ, 335ಇ ಬಸ್ಸಲ್ಲಿ!” ಎಂದರು ಆಕೆ. ಎಲ್ಲರೂ ನಕ್ಕೆವು. ಆಮೇಲೆ ಚಹಾ ಕುಡಿಯುವಾಗ ಅವರು ಮೆಲ್ಲಗೆ, “ವಾರಕ್ಕೊಮ್ಮೆಯಾದರೂ ಇದೇ ಮಾತು. ಪ್ರತಿ ಸಲ ನಗಿಸೋಕಾಗಲ್ಲ” ಎಂದರು.

ಅವರ ಡಬ್ಬಿಯಲ್ಲಿ ‘ಪೆಪ್ಪರ್ ವಾಟರ್’ ಇರುತ್ತಿತ್ತು. ರುಚಿ ನೋಡಿದರೆ ನಮ್ಮ ಮೆಣಸಿನ ಸಾರಿನ ಅಕ್ಕನೋ ತಂಗಿಯೋ ಅನ್ನಬೇಕು! ಅದರಲ್ಲಿ ಯುರೋಪ್ ಎಷ್ಟು ಚಮಚ, ಇಂಡಿಯಾ ಎಷ್ಟು ಚಮಚ ಎಂದು ಬೇರ್ಪಡಿಸುವುದುಂಟೇ? ಅರ್ಧ ಇಲ್ಲಿ, ಅರ್ಧ ಅಲ್ಲಿ ಎಂದು ಮನುಷ್ಯರನ್ನೂ ಲೆಕ್ಕ ಹಾಕಲಾಗದು.

ಕಾನೂನಿಗೂ ಈ ಲೆಕ್ಕ ಸುಲಭವಾಗಿಲ್ಲ. ತಂದೆಯ ಕಡೆಯ ಪೂರ್ವಜರು ಯುರೋಪಿನವರಾಗಿದ್ದರೆ ಮಾತ್ರ ಆಂಗ್ಲೋ-ಇಂಡಿಯನ್ ಎನ್ನುತ್ತದೆ ನಮ್ಮ ಸಂವಿಧಾನ. ತಾಯಿ ಮಾತ್ರ ಆ ಸಮುದಾಯದವರಾದರೆ ಮಗು ಆ ಪಟ್ಟಿಗೆ ಸೇರದು. ಅಮ್ಮನ ಕೈಯಡುಗೆ ಉಂಡು, ಅಮ್ಮನ ಹಾಡು ಕೇಳಿ ಬೆಳೆದ ಮಗುವಿಗೆ ಇದನ್ನು ಹೇಗೆ ವಿವರಿಸುವುದು?

1983ರ ವಿಶ್ವಕಪ್‌ನಲ್ಲಿ ಎಲ್ಲರಿಗಿಂತ ಹೆಚ್ಚು, 18 ವಿಕೆಟ್ ಪಡೆದ ನಮ್ಮ ಬೆಂಗಳೂರಿನ ರೋಜರ್ ಬಿನ್ನಿ ಇದೇ ಸಮುದಾಯದವರು. ಅಂದು ಅವರು ನಮ್ಮವರೇ ಎಂದು ಯಾರೂ ಯೋಚಿಸುತ್ತ ಕೂರಲಿಲ್ಲ. ಕಪ್ ಗೆಲ್ಲದ, ಬ್ಯಾಂಕಿನಲ್ಲಿ ಚೆಕ್ ಪಾಸು ಮಾಡುವ ಸಾಮಾನ್ಯರಿಗೂ ಅಷ್ಟೇ ಸಹಜವಾದ ಜಾಗ ಸಿಗಬೇಡವೇ?

ರಜೆಯಲ್ಲಿ ಬೆಳಿಗ್ಗೆ ಬೇಗ ಹೋಗಿ, ವಾಹನ ಕಡಿಮೆ. ಮೆಮೋರಿಯಲ್ ಚರ್ಚ್ ನೋಡಿ, ಮರಗಳ ನೆರಳಲ್ಲಿ ಒಂದು ಸುತ್ತು ನಡೆಯಿರಿ. ಹಳೆಯ ಮನೆಯ ಗೇಟಿನಲ್ಲಿ ಯಾರಾದರೂ ಹಿರಿಯರು ಕಂಡರೆ, ಮೂಲ ಯಾವ ದೇಶ ಎಂದು ಕೇಳಬೇಡಿ. ಈ ಮನೆಗೆ ಎಷ್ಟು ವರ್ಷವಾಯಿತು ಎಂದು ಕೇಳಿ. ಬಿಡುವಿದ್ದರೆ ಊರಿನ ಕಥೆಯನ್ನು ಅವರೇ ಹೇಳಿಯಾರು.